ಸೇತುವೆಯ ಕೆಳಗಿನ ಕೇರಿ

ಸ್ಯಾನ್ ಡಿಯಾಗೊ ನಗರದ ಕೆಂಪು ಬಣ್ಣದ ಟ್ರಾಲಿ ರೈಲು ನಮ್ಮಿಬ್ಬರನ್ನು ಬ್ಯಾರಿಯೊ ಲೋಗನ್ ನಿಲ್ದಾಣದಲ್ಲಿ ಇಳಿಸಿ ದಕ್ಷಿಣಕ್ಕೆ ಹೊರಟುಹೋಯಿತು. ಇನ್ನೂ ಅರ್ಧ-ಮುಕ್ಕಾಲು ಗಂಟೆ ಅದರಲ್ಲೇ ಕುಳಿತಿದ್ದರೆ ಮೆಕ್ಸಿಕೊ ಗಡಿ ಸಿಗುತ್ತಿತ್ತು. ಬೆಳಗಿನ ಒಂಬತ್ತೂವರೆಯ ಹೊತ್ತು. ಒಂದು ಕಡೆ ಹಡಗು ಕಟ್ಟುವ ಅಂಗಳದ ಎತ್ತರದ ಕ್ರೇನುಗಳು, ವೆಲ್ಡಿಂಗ್ ಘಾಟು, ಸಾಲಾಗಿ ನಿಂತ ಭಾರಿ ಲಾರಿಗಳು. ಇನ್ನೊಂದು ಕಡೆ ತಗ್ಗು ಸೂರಿನ ಪುಟ್ಟ ಮನೆಗಳ ಬೀದಿ. ಎರಡರ ನೆತ್ತಿಯ ಮೇಲೂ ಹಾದುಹೋಗಿರುವುದು ಕೊರೊನಾಡೊ ಸೇತುವೆ.

ಎರಡು ದಿನದ ಹಿಂದೆ ಇದೇ ಸೇತುವೆಯ ಮೇಲೆ ಹೋಗಿದ್ದೆವು. ತಂಗಿಯ ಮಗಳು ಈ ನಗರದ ಉತ್ತರ ಭಾಗದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ದಾವಣಗೆರೆಯಿಂದ ಬಂದ ದೊಡ್ಡಮ್ಮನಿಗೆ ಊರು ತೋರಿಸಬೇಕೆಂಬ ಉಮೇದು ಅವಳದು. ಎರಡು ಮೈಲಿಗೂ ಮಿಕ್ಕಿದ ಸೇತುವೆ. ಕೆಳಗೆ ಯುದ್ಧನೌಕೆಗಳು ಹಾಯಲೆಂದು ನಡುವೆ ಸುಮಾರು 200 ಅಡಿ ಎತ್ತರಕ್ಕೆ ಏರಿ, ಕುಡುಗೋಲಿನಂತೆ ಬಾಗಿ, ಆಚೆ ದಡದ ಸಿರಿವಂತರ ಕೊರೊನಾಡೊಗೆ ಇಳಿಯುತ್ತದೆ. ಅವಳು ‘ದೊಡ್ಡಮ್ಮ, ಈ ಕಡೆ ನೋಡು’ ಎಂದಾಗಲೆಲ್ಲ ಕೊಲ್ಲಿಯ ನೀಲಿ ನೀರನ್ನೂ ಹಾಯಿದೋಣಿಗಳನ್ನೂ ಕಣ್ತುಂಬ ನೋಡಿದ್ದೆ.

ಮರುದಿನ ಅವಳ ಮನೆಯ ಹಿತ್ತಲಿನ ಹುಲ್ಲು ಕತ್ತರಿಸಲು ಒಬ್ಬರು ಬಂದರು. ಐವತ್ತು ದಾಟಿದ ವಯಸ್ಸು, ಮೆಕ್ಸಿಕೊ ಮೂಲದವರು. ಕುಡಿಯಲು ನೀರು ಕೊಟ್ಟೆ. ನಮ್ಮಿಬ್ಬರಿಗೂ ಇಂಗ್ಲಿಷ್ ಕಲಿತ ಭಾಷೆ. ಇಬ್ಬರೂ ನಿಧಾನವಾಗಿ ಆಡಿದ್ದರಿಂದ ಮಾತು ಚೆನ್ನಾಗಿ ಕೂಡಿಬಂತು. ಏನೇನು ನೋಡಿದಿರಿ ಎಂದು ಕೇಳಿದರು, ಹೇಳಿದೆ. ‘ಸೇತುವೆಯ ಮೇಲೆ ಹೋದಿರಲ್ಲ, ಒಮ್ಮೆ ಅದರ ಕೆಳಗೂ ಹೋಗಿ ಬನ್ನಿ’ ಎಂದರು. ನಾವು ಈ ನಿಲ್ದಾಣದಲ್ಲಿ ಇಳಿದದ್ದು ಆ ಮಾತಿನ ಬೆನ್ನು ಹತ್ತಿ.

ಬಣ್ಣ ತೊಟ್ಟ ಕಂಬಗಳು

ನಿಲ್ದಾಣದಿಂದ ಐದಾರು ನಿಮಿಷ ನಡೆದರೆ ಚಿಕಾನೊ ಪಾರ್ಕ್. ಪಾರ್ಕ್ ಎಂದೊಡನೆ ಮನಸ್ಸಿಗೆ ಬರುವ ಮರಗಿಡದ ತೋಟವಲ್ಲ ಇದು. ಸೇತುವೆಗೆ ಏರುವ ರಸ್ತೆಗಳು ಇಲ್ಲಿ ಕವಲೊಡೆದು ನೆತ್ತಿಯ ಮೇಲೆ ಹಾಯುತ್ತವೆ. ಅವನ್ನು ಹೊತ್ತು ನಿಂತ ಕಾಂಕ್ರೀಟ್ ಕಂಬಗಳ ನಡುವೆ ಏಳೆಂಟು ಎಕರೆ ಜಾಗ. ಆ ಕಂಬಗಳ ಮೈಯಲ್ಲಿ ಬರಿದೆಂಬುದು ಕಡಿಮೆ. ಬುಡದಿಂದ ತಲೆಯವರೆಗೆ ಚಿತ್ರ. ಒಟ್ಟು ಎಂಬತ್ತಕ್ಕೂ ಹೆಚ್ಚು ಚಿತ್ರಗಳಿವೆ. ಕತ್ತು ಮೇಲೆತ್ತಿಕೊಂಡೇ ನಡೆಯಬೇಕು.

ಮೊದಲು ನಮ್ಮನ್ನು ನಿಲ್ಲಿಸಿದ್ದು ಗರಿಗಳುಳ್ಳ ಹಾವು, ಕೆಟ್ಸಲ್‌ಕೋಆಟ್ಲ್. ಮೆಕ್ಸಿಕೊದ ಮೂಲನಿವಾಸಿಗಳ ದೇವರು. ಇನ್ನೊಂದು ಕಂಬದಲ್ಲಿ ಹಾವುಗಳನ್ನೇ ಲಂಗವಾಗಿ ಉಟ್ಟ ಭೂತಾಯಿ ಕೋಆಟ್ಲಿಕ್ವೆ. ಅವಳಿಂದ ಕೂಗಳತೆಯಲ್ಲಿ ನೀಲಿ ಸೆರಗಿನ ಗ್ವಾಡಲೂಪೆ ಮೇರಿಮಾತೆ. ಅಗಲ ಟೋಪಿಯ, ಹುರಿಮೀಸೆಯ ರೈತ ನಾಯಕ ಎಮಿಲಿಯಾನೊ ಸಪಾಟಾ ಅಲ್ಲಲ್ಲಿ ಕಾಣುತ್ತಾನೆ. ತಲೆಯ ಮೇಲೆ ಲಾರಿಯೊಂದು ಹಾದಾಗಲೆಲ್ಲ ಸದ್ದು ಕಂಬದೊಳಗಿಂದ ಇಳಿದುಬರುತ್ತದೆ. ಕಂಬಕ್ಕೆ ಅಂಗೈ ಇಟ್ಟು ನಿಂತೆ. ಬಣ್ಣ ಅಲ್ಲಲ್ಲಿ ದಪ್ಪಗಟ್ಟಿ, ಹಳೆಯ ಕುಂಚದ ಗೆರೆಗಳು ಬೆರಳಿಗೆ ತಾಕಿದವು. ಅದರಡಿ ಕಾಂಕ್ರೀಟ್ ಸಣ್ಣಗೆ ನಡುಗುತ್ತಿತ್ತು.

‘ಮ್ಯೂಸಿಯಂ ಅಂದ್ಕೊಂಡಿದ್ದೆ ದೊಡ್ಡಮ್ಮ, ಇದು ಗುಡಿ ಇದ್ದಂಗೈತಲ್ಲ’ ಎಂದಳು ಹುಡುಗಿ. ಅವಳು ಈ ನಗರಕ್ಕೆ ಬಂದು ಆರು ವರ್ಷ. ಇಲ್ಲಿಗೆ ಬಂದದ್ದು ಇದೇ ಮೊದಲು.

ಕೇರಿ ಒಡೆದ ಬಗೆ

ಸ್ಪ್ಯಾನಿಷ್‌ನಲ್ಲಿ ಬ್ಯಾರಿಯೊ ಎಂದರೆ ಕೇರಿ. ಆಗ ಲೋಗನ್ ಹೈಟ್ಸ್ ಎನ್ನುತ್ತಿದ್ದ ಈ ಕೇರಿಗೆ 1910ರ ಮೆಕ್ಸಿಕೊ ಕ್ರಾಂತಿಯ ಕಾಲದಿಂದ ಜನ ಓಡಿಬಂದು ನೆಲೆಸಿದರು. ಗಂಡಸರು ಹಡಗುಕಟ್ಟೆಯಲ್ಲಿ, ರೈಲ್ವೆಯಲ್ಲಿ ದುಡಿದರು. ಹೆಂಗಸರು ಕೊಲ್ಲಿಯ ದಡದ ಮೀನು ಡಬ್ಬಿ ಕಾರ್ಖಾನೆಗಳಲ್ಲಿ ಟ್ಯೂನಾ ಮೀನು ಹಸನು ಮಾಡಿದರು. ಅಮೆರಿಕದ ಪಶ್ಚಿಮ ಕರಾವಳಿಯ ದೊಡ್ಡ ಮೆಕ್ಸಿಕನ್ ನೆಲೆಗಳಲ್ಲಿ ಒಂದೆನಿಸಿತ್ತು ಈ ಕೇರಿ.

ಇಲ್ಲೇ ಒತ್ತೊತ್ತಾಗಿ ಏಕೆ ನೆಲೆಸಿದರು ಎಂಬ ಪ್ರಶ್ನೆ ಸಹಜ. ಬೇರೆ ಬಡಾವಣೆಗಳ ಬಾಗಿಲು ಅವರಿಗೆ ಮುಚ್ಚಿತ್ತು. ಬಿಳಿಯರಲ್ಲದವರಿಗೆ ಮಾರಕೂಡದು ಎಂಬ ಷರತ್ತು ಮನೆಯ ಕ್ರಯಪತ್ರದಲ್ಲೇ ಬರೆದಿರುತ್ತಿತ್ತು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಭೇದ ಮಾಡಬಾರದೆಂಬ ಕಾನೂನು ಬಂದದ್ದು 1968ರಲ್ಲಿ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಸಾಲ ಸಂಸ್ಥೆಯೊಂದು ನಗರಗಳ ನಕ್ಷೆ ಬರೆಸಿ, ಯಾವ ಬೀದಿಗೆ ಮನೆಸಾಲ ಕೊಡುವುದು ಕ್ಷೇಮ, ಯಾವುದಕ್ಕೆ ಅಪಾಯ ಎಂದು ಬಣ್ಣ ಹಚ್ಚಿತು. ಲೋಗನ್ ಹೈಟ್ಸ್‌ಗೆ ಬಿದ್ದದ್ದು ಕೆಂಪು. ಬೇರೆ ಕಡೆ ಮನೆ ಕೊಳ್ಳುವಂತಿಲ್ಲ, ಇರುವ ಮನೆ ರಿಪೇರಿಗೆ ಸಾಲ ಹುಟ್ಟುವುದಿಲ್ಲ. ಬೀದಿ ಹಳತಾದಾಗ, ನೋಡಿ ಎಷ್ಟು ಕೊಳಕು ಎಂದು ಅದನ್ನೇ ಕಾರಣ ಮಾಡಿ ಒಡೆಯಲು ಬರುತ್ತಾರೆ. ಬಾಯಿಂದ ಬೈಯುವ ಭೇದವನ್ನು ಎದುರಿಸಿ ನಿಲ್ಲಬಹುದು. ಕಚೇರಿಯ ಮೇಜಿನ ಮೇಲೆ ಬಣ್ಣದ ಸೀಸದಕಡ್ಡಿಯಿಂದ ಬರೆದದ್ದು ಅನುಭವಿಸುವವರ ಕಣ್ಣಿಗೂ ಬೀಳುವುದಿಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ದಡವನ್ನೆಲ್ಲ ನೌಕಾಪಡೆ ಮತ್ತು ಕಾರ್ಖಾನೆಗಳು ಹಿಡಿದವು. ನೀರಿನ ಪಕ್ಕದಲ್ಲೇ ಹುಟ್ಟಿದ ಮಕ್ಕಳಿಗೆ ನೀರಿಗೆ ಇಳಿಯಲು ಜಾಗ ಇಲ್ಲವಾಯಿತು. 1950ರ ದಶಕದಲ್ಲಿ ನಗರಾಡಳಿತ ಈ ವಸತಿ ಪ್ರದೇಶವನ್ನು ಕೈಗಾರಿಕೆಗೂ ತೆರೆದಿಟ್ಟಿತು. ಮನೆಗಳ ನಡುವೆಯೇ ಹಳೆ ಕಾರು ಒಡೆಯುವ ಗುಜರಿ ಅಂಗಳಗಳು ಬಂದವು. 1963ರಲ್ಲಿ ಐದನೇ ನಂಬರಿನ ಅಂತರರಾಜ್ಯ ಹೆದ್ದಾರಿ ಕೇರಿಯನ್ನು ನಡುವೆ ಸೀಳಿತು. ಮೇಲೆ ಉಳಿದದ್ದು ಲೋಗನ್ ಹೈಟ್ಸ್, ಕೆಳಗೆ ಕೊಲ್ಲಿಯ ಕಡೆಗೆ ಉಳಿದದ್ದು ಬ್ಯಾರಿಯೊ ಲೋಗನ್. 1969ರ ಆಗಸ್ಟ್ 3ರಂದು ಸೇತುವೆ ತೆರೆಯಿತು. ಹೆದ್ದಾರಿಗೂ ಸೇತುವೆಗೂ ಸೇರಿ 5,000ಕ್ಕೂ ಹೆಚ್ಚು ಮನೆ-ಅಂಗಡಿಗಳು ಹೋದವು ಎಂಬ ಲೆಕ್ಕ ಇಲ್ಲಿ ಎಲ್ಲರ ಬಾಯಲ್ಲಿದೆ.

ಪಾರ್ಕಿನ ನಡುವೆ ಹಳೆಯ ಅಜ್ಟೆಕ್ ಗುಡಿಯ ಮಾದರಿಯಲ್ಲಿ ಕಟ್ಟಿದ ಬಣ್ಣದ ಮಂಟಪವಿದೆ. ಅದರ ಹತ್ತಿರ ಒಬ್ಬ ಹಿರಿಯರು ಪಾಪಸುಕಳ್ಳಿಯ ಪೊದೆಯನ್ನು ಸವರುತ್ತಿದ್ದರು. ಕೈಗೆ ಚರ್ಮದ ಗವುಸು, ತಲೆಗೆ ಹುಲ್ಲಿನ ಟೋಪಿ. ನಮಸ್ಕಾರ ಹೇಳಿದೆ. ಎಲ್ಲಿಂದ ಬಂದಿರಿ ಎಂದು ಕೇಳಿದರು. ಭಾರತ ಎಂದೆ. ಕೈಯ ಗವುಸು ಕಳಚಿ, ನಾಲ್ಕು ಕಂಬದಾಚೆಗೆ ಬೆರಳು ತೋರಿಸಿ ‘ನಮ್ಮ ಮನೆ ಅಲ್ಲಿತ್ತು’ ಎಂದರು. ನಾವು ಅತ್ತ ನೋಡಿದೆವು. ಕಂಬವಿತ್ತು, ಅದರ ನೆರಳಿತ್ತು. ‘ಆಗ ನನಗೆ ಹನ್ನೆರಡು ವರ್ಷ. ಅಮ್ಮನ ಅಡುಗೆಮನೆ ಸುಮಾರು ಆ ಕಂಬದ ಬುಡಕ್ಕೆ ಬರುತ್ತೆ. ಹಿಂದೆ ಒಂದು ನಿಂಬೆಗಿಡ ಇತ್ತು’ ಎಂದರು. ಅರವತ್ತು ವರ್ಷವಾಗುತ್ತ ಬಂದರೂ ಅವರ ಬೆರಳು ಅಡುಗೆಮನೆಯನ್ನು ಗಾಳಿಯಲ್ಲಿ ಚೌಕಾಕಾರವಾಗಿ ಬರೆಯಿತು. ಬಾಗಿಲು ಯಾವ ದಿಕ್ಕಿಗಿತ್ತು ಎಂಬುದನ್ನೂ ಬಿಡಲಿಲ್ಲ.

ಹನ್ನೆರಡು ದಿನ

ಮನೆ ಕಳೆದುಕೊಂಡವರಿಗೆ ನಗರಾಡಳಿತ ಒಂದು ಮಾತು ಕೊಟ್ಟಿತ್ತು: ಸೇತುವೆಯ ಕೆಳಗೆ ಪಾರ್ಕ್ ಮಾಡಿಕೊಡುತ್ತೇವೆ. 1970ರ ಏಪ್ರಿಲ್ 22ರ ಬೆಳಿಗ್ಗೆ ಮಾರಿಯೊ ಸೋಲಿಸ್ ಎಂಬ ಕಾಲೇಜು ವಿದ್ಯಾರ್ಥಿ ಇಲ್ಲಿ ಹಾದುಹೋಗುವಾಗ ಬುಲ್‌ಡೋಜರುಗಳು ನೆಲ ಮಟ್ಟ ಮಾಡುತ್ತಿದ್ದವು. ಪಾರ್ಕಿಗಾ ಎಂದು ವಿಚಾರಿಸಿದರೆ, ಅಲ್ಲ, ಹೆದ್ದಾರಿ ಪೊಲೀಸರ ಠಾಣೆಗೆ ಎಂಬ ಉತ್ತರ ಬಂತು. ಸೋಲಿಸ್ ಮನೆ ಮನೆಗೆ ಸುದ್ದಿ ಮುಟ್ಟಿಸಿದ. ಕಾಲೇಜಿನ ತರಗತಿಗೂ ಹೋಗಿ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಅಜ್ಜಿಯರು, ಕಂಕುಳಲ್ಲಿ ಕೂಸಿದ್ದ ತಾಯಂದಿರು, ಶಾಲೆಯ ಮಕ್ಕಳು, ಕಾರ್ಖಾನೆಯ ಕೂಲಿಯವರು ಬಂದು ಬುಲ್‌ಡೋಜರುಗಳ ಸುತ್ತ ಕೈ ಕೈ ಹಿಡಿದು ನಿಂತರು.

ಅವರು ನಿಂತು ಕೂಗಿ ಹೋಗಿಬಿಡಲಿಲ್ಲ. ಗುದ್ದಲಿ, ಸಲಿಕೆ ತಂದರು. ಗಟ್ಟಿನೆಲ ಅಗೆದು ಪಾಪಸುಕಳ್ಳಿ, ಕತ್ತಾಳೆ, ಹೂಗಿಡ ನೆಟ್ಟರು. ಟೆಲಿಫೋನ್ ಕಂಬಕ್ಕೆ ತಮ್ಮ ಬಾವುಟ ಏರಿಸಿದರು. ಮನೆಗಳಿಂದ ಅಡುಗೆ ಬಂತು. ಹನ್ನೆರಡು ದಿನ ಜಾಗ ಬಿಡಲಿಲ್ಲ. ಕೊನೆಗೆ ಸರ್ಕಾರ ಮಾತುಕತೆಗೆ ಬಂದು ಠಾಣೆಯ ಯೋಜನೆಯನ್ನು ಕೈಬಿಟ್ಟಿತು. ಮೊದಲು ಸಿಕ್ಕಿದ್ದು ಎರಡು ಎಕರೆಗೂ ಕಡಿಮೆ. ಉಳಿದದ್ದನ್ನು ವರ್ಷ ವರ್ಷ ಹೋರಾಡಿ ಸೇರಿಸಿಕೊಂಡರು.

ಅದೇ 1970ರ ಶರತ್ಕಾಲದಲ್ಲಿ ಈ ಜನ ಹತ್ತಿರದ ಸಮುದಾಯ ಭವನವನ್ನೂ ಹಿಡಿದು ಕೂತರು. ಕೇರಿಗೊಂದು ಆಸ್ಪತ್ರೆ ಬೇಕು ಎಂಬುದು ಬೇಡಿಕೆ. ಲಾರಾ ರೊಡ್ರಿಗಸ್ ಎಂಬ ಹಿರಿಯ ಹೆಣ್ಣುಮಗಳು ತಮ್ಮನ್ನೇ ಸರಪಳಿಯಿಂದ ಆ ಭವನದ ಬಾಗಿಲಿಗೆ ಬಿಗಿದುಕೊಂಡರು. ಅಲ್ಲಿ ಶುರುವಾದ ಉಚಿತ ದವಾಖಾನೆ ಈಗ ದೊಡ್ಡ ಆರೋಗ್ಯ ಸಂಸ್ಥೆಯಾಗಿ ಬೆಳೆದಿದೆ. ಪಾರ್ಕಿನ ಅಜ್ಜಿ ಎಂದೇ ಅವರನ್ನು ಇಲ್ಲಿ ನೆನೆಯುತ್ತಾರೆ.

ಚಿಕಾನೊ ಎಂಬ ಹೆಸರಿಗೂ ಒಂದು ಕಥೆಯಿದೆ. ಬಡ ಮೆಕ್ಸಿಕನ್ನರನ್ನು ಹೀಯಾಳಿಸಲು ಬಳಸುತ್ತಿದ್ದ ಮಾತು ಅದು. 1960ರ ದಶಕದ ಹುಡುಗರು ಅದನ್ನೇ ಎತ್ತಿಕೊಂಡು ಹೆಮ್ಮೆಯಿಂದ ಇಟ್ಟುಕೊಂಡರು. ಕರಿಯರ ಬ್ಲ್ಯಾಕ್ ಪ್ಯಾಂಥರ್ ಚಳವಳಿಯ ಕಾವು ಲಾಸ್ ಏಂಜಲಿಸ್‌ನ ಚಿಕಾನೊ ಹುಡುಗರ ಬ್ರೌನ್ ಬೆರೆಟ್ಸ್ ಪಡೆಗೂ ತಾಗಿತು. ಅದೇ ಕಾವು ಕಡಲು ದಾಟಿ 1972ರಲ್ಲಿ ಬೊಂಬಾಯಿಯ ದಲಿತ ಪ್ಯಾಂಥರ್ಸ್‌ಗೂ ಮುಟ್ಟಿತು. ಕನ್ನಡದಲ್ಲಿ ದಲಿತ ಎಂಬ ಮಾತು ಕರುಣೆಯ ಮಾತಾಗದೆ ಹಕ್ಕಿನ ಮಾತಾದದ್ದನ್ನು ಕಂಡ ನಮಗೆ ಚಿಕಾನೊ ಎಂಬ ಪದದ ತೂಕ ಬೇಗ ತಿಳಿಯುತ್ತದೆ.

ಕಂಬದಿಂದ ಕಂಬಕ್ಕೆ

ಈ ಕೇರಿಯಲ್ಲೇ ಬೆಳೆದು, ಓಕ್ಲೆಂಡ್‌ನಲ್ಲಿ ಚಿತ್ರಕಲೆ ಕಲಿತು ಮರಳಿದ ಸಾಲ್ವಡಾರ್ ಟೊರೆಸ್ ಬೂದು ಕಂಬಗಳನ್ನು ನೋಡಿ, ಇವೇ ನಮ್ಮ ಚಿತ್ರದ ಗೋಡೆಗಳಾಗಬೇಕು ಎಂದು ಹಟ ಹಿಡಿದರು. 1973ರ ಮಾರ್ಚ್‌ನಲ್ಲಿ ಮೊದಲ ಬಣ್ಣ ಬಿತ್ತು. ಹೆಸರಾಂತ ಕಲಾವಿದರ ಜೊತೆ ಕೇರಿಯ ಜನರೂ ಕುಂಚ, ರೋಲರ್ ಹಿಡಿದು ಬಂದರು. 1975ರಲ್ಲಿ ಸ್ಯಾಕ್ರಮೆಂಟೊದಿಂದ ಬಂದ ಹೆಣ್ಣುಮಕ್ಕಳ ತಂಡವೂ ಒಂದು ಕಂಬ ತುಂಬಿತು. ಗಂಡಸರದೇ ಮುಖಗಳು ಹೆಚ್ಚಿದ್ದ ಸಾಲಿನಲ್ಲಿ ಹೆಂಗಸರ ಕೈಯ ಆ ಚಿತ್ರದೆದುರು ನಾನು ತುಸು ಹೆಚ್ಚು ಹೊತ್ತೇ ನಿಂತೆ.

1977ರ ಒಂದು ಚಿತ್ರದಲ್ಲಿ ಕೇರಿಯ ಜನ ಫಲಕ ಹಿಡಿದು ನಿಂತಿದ್ದಾರೆ. ಮೇಲೆ ಬರೆದ ಸ್ಪ್ಯಾನಿಷ್ ಘೋಷಣೆಯನ್ನು ಕನ್ನಡದಲ್ಲಿ ಹೇಳುವುದಾದರೆ: ಕೇರಿ ಬೇಕು, ಗುಜರಿ ಬೇಡ. ಮತ್ತೊಂದು, ಮೈಕೆಲ್ ಶ್ನಾರ್ ತಮ್ಮ ವಿದ್ಯಾರ್ಥಿಗಳೊಂದಿಗೆ 1980ರಲ್ಲಿ ಬರೆದದ್ದು. ಅದರ ವಸ್ತು ದಾಖಲೆಯಿಲ್ಲದ ಕೂಲಿಯಾಳು. ಅದನ್ನು ನೋಡುವಾಗ ಒಂದು ತಾರೀಖು ನೆನಪಿರಲಿ: 1848ರ ಫೆಬ್ರುವರಿ 2. ಗ್ವಾಡಲೂಪೆ ಇಡಾಲ್ಗೊ ಒಪ್ಪಂದವಾದ ದಿನ. ಯುದ್ಧದಲ್ಲಿ ಸೋತ ಮೆಕ್ಸಿಕೊ ಅಂದು ಕ್ಯಾಲಿಫೋರ್ನಿಯಾ ಸೇರಿ ಅಪಾರ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿಹೋಯಿತು ಎಂದು ಇಲ್ಲಿಯವರು ಹೇಳುವುದು ಇದನ್ನೇ.

ಆಮೇಲೆ ನಡೆದದ್ದು ಕರೆಯುವುದು, ಅಟ್ಟುವುದು, ಮತ್ತೆ ಕರೆಯುವುದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಲಕ್ಷಗಟ್ಟಲೆ ಮೆಕ್ಸಿಕನ್ನರನ್ನು ರೈಲು ಹತ್ತಿಸಿ ಕಳಿಸಿದರು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು ಎಷ್ಟೋ ಮಂದಿ. ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ಕ್ಷಮೆ ಕೇಳಿದ್ದು 2005ರಲ್ಲಿ. ಯುದ್ಧಕಾಲದಲ್ಲಿ ಹೊಲಗಳಿಗೆ ಆಳು ಸಾಲದೆ 1942ರಲ್ಲಿ ಬ್ರಸೇರೊ ಯೋಜನೆ ತಂದು ಮೆಕ್ಸಿಕೊದಿಂದ ಕೂಲಿಯವರನ್ನು ಕರೆಸಿಕೊಂಡರು. 1964ರವರೆಗೆ ಅದು ನಡೆಯಿತು. ಅದು ನಡೆಯುತ್ತಿರುವಾಗಲೇ 1954ರಲ್ಲಿ ಇನ್ನೊಂದು ದೊಡ್ಡ ಗಡೀಪಾರು ಕಾರ್ಯಾಚರಣೆ ಮಾಡಿದರು. 1994ರಲ್ಲಿ ಇದೇ ಸ್ಯಾನ್ ಡಿಯಾಗೊ ಗಡಿಯನ್ನು ಬಿಗಿ ಮಾಡಿದಾಗ ಜನ ಬರುವುದು ನಿಲ್ಲಲಿಲ್ಲ, ದಾರಿ ಪೂರ್ವದ ಬೆಟ್ಟಕ್ಕೂ ಮರುಭೂಮಿಗೂ ಸರಿಯಿತು. ಅಲ್ಲಿ ಬಾಯಾರಿ, ಬಿಸಿಲಿಗೆ ಬೆಂದು, ಚಳಿಗೆ ಸೆಟೆದು ಸತ್ತವರು ಸಾವಿರಾರು.

1990ರ ದಶಕದಲ್ಲಿ ಭೂಕಂಪದ ಭಯಕ್ಕೆ ಈ ಕಂಬಗಳನ್ನು ಬಲಪಡಿಸುವ ಯೋಜನೆ ಬಂತು. ಚಿತ್ರಗಳು ಮುಚ್ಚಿಹೋಗುತ್ತವೆ ಎಂದು ಜನ ಮತ್ತೆ ಎದ್ದುನಿಂತರು. ಚಿತ್ರಕ್ಕೆ ಹೆಚ್ಚು ಧಕ್ಕೆಯಾಗದಂತೆ ಎಂಜಿನಿಯರುಗಳು ಬೇರೆ ದಾರಿ ಹುಡುಕಿದರು. 2016ರಲ್ಲಿ ಪಾರ್ಕ್ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಯಿತು. ಅದೇ ವರ್ಷದ ಅಕ್ಟೋಬರ್ 15ರಂದು ಇಲ್ಲಿ ಜಾತ್ರೆಯಂಥ ಕೂಟ ನಡೆಯುತ್ತಿದ್ದಾಗ ಮೇಲಿನ ರಸ್ತೆಯಿಂದ ಪಿಕಪ್ ಟ್ರಕ್ಕೊಂದು ತಡೆಗೋಡೆ ದಾಟಿ ಜನರ ಮೇಲೆ ಬಿತ್ತು. ನಾಲ್ವರು ಸತ್ತರು. ಹೆದ್ದಾರಿಯ ಕೆಳಗೆ ಬದುಕುವುದೆಂದರೆ ಇದನ್ನೂ ತಲೆಯ ಮೇಲೆ ಹೊತ್ತು ಬದುಕುವುದು.

ಕುದುರೆ ಲಾಯದ ಶಾಲೆ

ನ್ಯಾಷನಲ್ ಅವೆನ್ಯೂ ಬದಿಯಲ್ಲಿ 2022ರಲ್ಲಿ ತೆರೆದ ಪಾರ್ಕಿನದೇ ಮ್ಯೂಸಿಯಂ ಇದೆ. ಅದರ ದಾರಿಯಲ್ಲಿ ಹುಡುಗಿ ಶಾಲೆಗಳ ವಿಷಯ ತೆಗೆದಳು. ಆಗ ಹತ್ತಿರದ ಲೆಮನ್ ಗ್ರೋವ್ ಊರಿನ ಕಥೆ ಹೇಳಿದೆ. ಅದು ಇಲ್ಲಿಂದ ಹದಿನೈದು ಕಿಲೋಮೀಟರಿನೊಳಗೆ. ಹೆಸರಿಗೆ ತಕ್ಕ ನಿಂಬೆ ತೋಟಗಳ ಊರಾಗಿತ್ತು. 1931ರ ಜನವರಿ 5ರಂದು ಅಲ್ಲಿನ ಶಾಲೆಯ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು, ಬಿಳಿಯ ಮಕ್ಕಳನ್ನು ಒಳಗೆ ಬಿಟ್ಟು, 75 ಮೆಕ್ಸಿಕನ್ ಮಕ್ಕಳನ್ನು ತಡೆದರು. ನಿಮ್ಮ ಶಾಲೆ ಬೇರೆ ಎಂದು ಎರಡು ಕೋಣೆಯ ಮರದ ಕಟ್ಟಡ ತೋರಿಸಿದರು. ತಾಯ್ತಂದೆಯರು ಅದಕ್ಕಿಟ್ಟ ಹೆಸರು ಲಾ ಕಬಾಯೆರಿಸಾ, ಎಂದರೆ ಕುದುರೆ ಲಾಯ. ಮಕ್ಕಳನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದು ನಿಂತರು. ತೋಟದ ಕೂಲಿಯವರು ಹಣ ಕೂಡಿಸಿ ಕೋರ್ಟಿಗೆ ಹೋದರು. ದಾವೆ ಹೂಡಿದ್ದು ರಾಬರ್ಟೊ ಆಲ್ವಾರೆಸ್ ಎಂಬ ಹುಡುಗನ ಹೆಸರಿನಲ್ಲಿ. ಆ ವರ್ಷದ ವಸಂತದಲ್ಲೇ ಗೆದ್ದರು. ಅಮೆರಿಕದಲ್ಲಿ ಶಾಲೆಯ ಬೇರ್ಪಡಿಕೆಯ ವಿರುದ್ಧ ಗೆದ್ದ ಮೊದಲ ಮೊಕದ್ದಮೆಗಳಲ್ಲಿ ಅದು ಒಂದು.

ಗೆಲುವಿನೊಳಗೂ ಒಂದು ಮುಳ್ಳಿತ್ತು. ಮೂಲನಿವಾಸಿಗಳ, ಚೀನೀಯರ, ಜಪಾನೀಯರ ಮಕ್ಕಳನ್ನು ಬೇರೆ ಕೂರಿಸಲು ಆಗ ಕ್ಯಾಲಿಫೋರ್ನಿಯಾದ ಕಾನೂನೇ ಒಪ್ಪಿತ್ತು. ಮೆಕ್ಸಿಕನ್ನರು ಆ ಪಟ್ಟಿಯಲ್ಲಿ ಬರುವುದಿಲ್ಲ ಎಂಬುದು ಗೆಲುವಿನ ಒಂದು ಆಧಾರ. ಆ ಕಾನೂನು ಪೂರ್ತಿ ಹೋದದ್ದು 1947ರಲ್ಲಿ, ಮೆಂಡೆಸ್ ಕುಟುಂಬ ಮತ್ತು ಇತರರು ಆರೆಂಜ್ ಕೌಂಟಿಯ ಶಾಲೆಗಳ ವಿರುದ್ಧ ಹೂಡಿದ ಮೊಕದ್ದಮೆ ಗೆದ್ದ ಮೇಲೆ. ಅಂದು ಆ ರದ್ದತಿಗೆ ಸಹಿ ಹಾಕಿದ ಗವರ್ನರ್ ಅರ್ಲ್ ವಾರನ್ ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ 1954ರಲ್ಲಿ ಶಾಲೆಗಳ ಬೇರ್ಪಡಿಕೆ ಸಲ್ಲದು ಎಂಬ, ದೇಶಕ್ಕೇ ಅನ್ವಯಿಸುವ ಬ್ರೌನ್ ತೀರ್ಪು ಓದಿದರು. ಆ ತೀರ್ಪಿನವರೆಗಿನ ದಾರಿಗೆ ಮೊದಲ ಕಲ್ಲು ಇಟ್ಟವರಲ್ಲಿ ಲೆಮನ್ ಗ್ರೋವ್‌ನ ತೋಟದ ಕೂಲಿಯವರೂ ಇದ್ದಾರೆ.

ರೊಟ್ಟಿಯ ನಂಟು

ಮಧ್ಯಾಹ್ನ ಲೋಗನ್ ಅವೆನ್ಯೂನ ಒಂದು ಸಣ್ಣ ಹೋಟೆಲಿನಲ್ಲಿ ಊಟಕ್ಕೆ ಕುಳಿತೆವು. ಒಳಗೆ ಹೆಂಗಸೊಬ್ಬರು ಮೆಕ್ಕೆಜೋಳದ ಹಿಟ್ಟಿನ ಉಂಡೆ ಒತ್ತಿ ಹೆಂಚಿಗೆ ಹಾಕುತ್ತಿದ್ದರು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ಅರೆದು ಮಾಡುವ ಟೋರ್ಟಿಯಾ. ನಮ್ಮ ದಾವಣಗೆರೆ ಸೀಮೆಯ ಹೊಲಗಳಲ್ಲಿ ಈಗ ಎಲ್ಲಿ ನೋಡಿದರೂ ಇದೇ ಮೆಕ್ಕೆಜೋಳ. ಅದರ ಮೂಲ ನೆಲ ಮೆಕ್ಸಿಕೊ. ನಾವು ಬ್ಯಾಡಗಿಯ ಹೆಸರಿಟ್ಟು ಹೆಮ್ಮೆಪಡುವ ಮೆಣಸಿನಕಾಯಿಯ ತವರೂ ಅದೇ. ಈ ಪಾರ್ಕಿನಲ್ಲಿ ನೆಟ್ಟ ಪಾಪಸುಕಳ್ಳಿ, ಕತ್ತಾಳೆ ಎರಡೂ ಆ ಖಂಡದಿಂದಲೇ ಬಂದು ನಮ್ಮ ಹೊಲದ ಬೇಲಿಯಲ್ಲಿ ನಿಂತವು. ನಾವು ಅವನ್ನು ಪರದೇಶದವು ಎಂದು ಯಾವತ್ತೂ ಅಂದುಕೊಂಡಿಲ್ಲ.

ಇನ್ನೂ ಹತ್ತಿರದ ನಂಟೊಂದಿದೆ. ಸ್ಯಾನ್ ಡಿಯಾಗೊದ ಪೂರ್ವಕ್ಕೆ ಬೆಟ್ಟ ದಾಟಿದರೆ ಇಂಪೀರಿಯಲ್ ಕಣಿವೆ. ನೂರು ವರ್ಷದ ಹಿಂದೆ ಅಲ್ಲಿಗೆ ಬೇಸಾಯಕ್ಕೆ ಬಂದ ಪಂಜಾಬಿ ಗಂಡಸರಿಗೆ ಊರಿನಿಂದ ಹೆಂಡಿರನ್ನು ಕರೆಸಿಕೊಳ್ಳಲು ಕಾನೂನು ಬಿಡಲಿಲ್ಲ. ಬಿಳಿಯ ಹೆಣ್ಣನ್ನು ಮದುವೆಯಾಗಲೂ ಬಿಡಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಪಂಜಾಬಿಗಳಲ್ಲಿ ಹಲವರು ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಒಂದೇ ಒಲೆಯ ಮೇಲೆ ರೋಟಿ, ಟೋರ್ಟಿಯಾ ಎರಡೂ ಬೆಂದವು. ನಮ್ಮವರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ.

ಇದನ್ನು ಕೇಳಿ ಹುಡುಗಿ ಸುಮ್ಮನಾದಳು. ‘ನಾವು ಬೇರೆ, ಅವರು ಬೇರೆ ಅಂದ್ಕೊಂಡಿದ್ದೆ’ ಎಂದಳು ಆಮೇಲೆ. ಅವಳೊಬ್ಬಳ ಮಾತಲ್ಲ ಅದು. ಓದಿಕೊಂಡು ವೀಸಾ ಪಡೆದು ಬಂದ ನಮ್ಮ ಮಕ್ಕಳು ವಲಸಿಗರು ಎಂಬ ಪದ ಕೇಳಿದರೆ ತಮ್ಮನ್ನು ನೆನೆಯುವುದಿಲ್ಲ. 2025ರ ಫೆಬ್ರುವರಿ 5ರಂದು ಅಮೃತಸರದಲ್ಲಿ ಇಳಿದ ಅಮೆರಿಕದ ಸೇನಾ ವಿಮಾನದಿಂದ ಗಡೀಪಾರಾದ 104 ಭಾರತೀಯರು ಇಳಿದರು. ದಾರಿಯುದ್ದ ಹಲವರ ಕೈಕಾಲಿಗೆ ಸರಪಳಿ ಹಾಕಿದ್ದರು. ಅವರಲ್ಲಿ ಎಷ್ಟೋ ಮಂದಿ ಬಂದದ್ದು ಇದೇ ಮೆಕ್ಸಿಕೊ ಗಡಿ ದಾಟಿ.

ನೀರಿನವರೆಗೆ

ಊಟದ ಮೇಲೆ ಕೊಲ್ಲಿಯ ಕಡೆ ನಡೆದೆವು. ‘ಕೊಲ್ಲಿಯವರೆಗೂ’ ಎಂಬುದು ಒಂದು ಕಾಲದಲ್ಲಿ ಇಲ್ಲಿನ ಹೋರಾಟದ ಕೂಗು. ಪಾರ್ಕ್ ನೀರಿನ ಅಂಚಿಗೂ ಮುಟ್ಟಬೇಕು ಎಂಬ ಆಸೆ ಅದು. 1990ರಲ್ಲಿ ದಡದಲ್ಲೊಂದು ಪುಟ್ಟ ಪಾರ್ಕ್ ಬಂತು, ಆದರೆ ನಡುವೆ ಕಾರ್ಖಾನೆ, ರೈಲುಹಳಿ, ಲಾರಿ ರಸ್ತೆ ಹಾಗೇ ಉಳಿದವು. ಹತ್ತು ನಿಮಿಷ ನಡೆಯುವಷ್ಟರಲ್ಲಿ ಡೀಸೆಲ್ ಹೊಗೆ ಗಂಟಲಿಗೆ ಅಂಟಿತು. ಈ ಕೇರಿಯ ಮಕ್ಕಳಿಗೆ ಉಬ್ಬಸ ಹೆಚ್ಚು. 2002ರಲ್ಲಿ, ಮನೆಗಳ ಪಕ್ಕದಲ್ಲೇ ಇದ್ದ ಕ್ರೋಮ್ ಲೇಪನದ ಕಾರ್ಖಾನೆಯೊಂದರ ಗಾಳಿಯಲ್ಲಿ ಕ್ಯಾನ್ಸರ್ ತರುವ ಕ್ರೋಮಿಯಂ ಕಂಡ ಮೇಲೆ ಅದನ್ನು ಮುಚ್ಚಿಸಲಾಯಿತು.

ಮನೆಗೂ ಕಾರ್ಖಾನೆಗೂ ನಡುವೆ ಅಂತರ ಇಡುವ ಹೊಸ ಬಡಾವಣೆ ಯೋಜನೆಯನ್ನು 2013ರಲ್ಲಿ ನಗರಸಭೆ ಒಪ್ಪಿತು. ಹಡಗು ಕಂಪನಿಗಳು ಹಣ ಸುರಿದು ಅದನ್ನು ಇಡೀ ನಗರದ ಮತಕ್ಕೆ ಹಾಕಿಸಿದವು. 2014ರ ಜೂನ್‌ನಲ್ಲಿ ಅದು ಬಿದ್ದುಹೋಯಿತು. ಇಲ್ಲಿ ಉಸಿರಾಡುವವರು ಕೆಲವೇ ಸಾವಿರ, ಮತ ಹಾಕಿದವರು ಇಡೀ ನಗರದವರು. ಮತ್ತೊಂದು ಯೋಜನೆ ಒಪ್ಪಿಗೆ ಪಡೆಯಲು 2021ರವರೆಗೆ ಕಾಯಬೇಕಾಯಿತು. ಇಲ್ಲಿ ಯಾರೂ ಯಾರನ್ನೂ ಬೈದಿಲ್ಲ, ಕಾನೂನು ಮೀರಿಲ್ಲ. ಆದರೂ ಹೊಗೆ ಯಾರ ಮಕ್ಕಳ ಎದೆಗೆ ಹೋಗಬೇಕು ಎಂಬುದು ತೀರ್ಮಾನವಾಯಿತು. ಅಸಮಾನತೆ ಎಂದರೆ ನನಗೆ ಈ ಬೀದಿಯಲ್ಲಿ ಅರ್ಥವಾದದ್ದು ಇಷ್ಟು.

ಮರಳುವ ಹೊತ್ತು

ಸಂಜೆ ಮಂಟಪದ ಬಳಿ ಮರಳಿದಾಗ, ಬೆಳಿಗ್ಗೆ ಕಂಡ ಅಜ್ಜ, ಸವರಿದ ಪಾಪಸುಕಳ್ಳಿಯ ಹಾಳೆಗಳನ್ನು ಬುಟ್ಟಿಗೆ ತುಂಬುತ್ತಿದ್ದರು. ಏಪ್ರಿಲ್ 22ರ ಆಸುಪಾಸಿನ ಶನಿವಾರ ಇಲ್ಲಿ ದೊಡ್ಡ ಹಬ್ಬ, ಆಗ ಬನ್ನಿ ಎಂದರು. ಅಂದು ಗರಿಯ ಕಿರೀಟ ತೊಟ್ಟು ಅಜ್ಟೆಕ್ ಕುಣಿತ ಕುಣಿಯುತ್ತಾರೆ. ನೆಲಕ್ಕೆ ತಾಗುವಂತೆ ತಗ್ಗಿಸಿ, ಮಿರಮಿರ ಬಣ್ಣ ಹಚ್ಚಿದ ಹಳೆಯ ಕಾರುಗಳು ಸಾಲಾಗಿ ಬರುತ್ತವೆ. ಪಕ್ಕದ ನ್ಯಾಷನಲ್ ಸಿಟಿಯಲ್ಲಿ ಅಂಥ ಕಾರಿನಲ್ಲಿ ಬೀದಿ ಸುತ್ತುವುದಕ್ಕೇ 1992ರಿಂದ ನಿಷೇಧವಿತ್ತು, 2023ರಲ್ಲಿ ತೆಗೆದರು. ನೋಡಬಯಸುವ ನಮ್ಮವರಿಗೆ ಹೇಳುವುದಾದರೆ, ಟ್ರಾಲಿಯ ನೀಲಿ ಮಾರ್ಗದಲ್ಲಿ ಬಂದರೆ ಸಲೀಸು. ಪಾರ್ಕಿಗೆ ಪ್ರವೇಶಧನವಿಲ್ಲ. ಬೆಳಗಿನ ಬಿಸಿಲು ಓರೆಯಾಗಿ ಕಂಬಗಳಿಗೆ ಬೀಳುವ ಹೊತ್ತು ಚೆನ್ನ.

ಈಚೆಗೆ ಜನ ಬರುವುದು ಕಡಿಮೆಯೇ ಎಂದು ಕೇಳಿದೆ. ಅಜ್ಜ ಕೂಡಲೇ ಉತ್ತರಿಸಲಿಲ್ಲ. ‘ನಾನು ಇಲ್ಲೇ ಹುಟ್ಟಿದವನು. ಆದರೂ ಈಗ ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡೇ ಹೊರಗೆ ಬರುತ್ತೇನೆ’ ಎಂದರು. ಲಾಸ್ ಏಂಜಲಿಸ್ ಸುತ್ತಮುತ್ತ ಮೈಬಣ್ಣ ಅಥವಾ ಜನಾಂಗ, ಆಡುವ ಸ್ಪ್ಯಾನಿಷ್ ಅಥವಾ ಇಂಗ್ಲಿಷ್ ಆಡುವ ಧಾಟಿ, ನಿಂತ ಜಾಗ, ಮಾಡುವ ಕೆಲಸ, ಇಷ್ಟನ್ನೇ ನೋಡಿ ವಲಸೆ ಅಧಿಕಾರಿಗಳು ಜನರನ್ನು ತಡೆಯಬಾರದು ಎಂದು ಕೆಳ ನ್ಯಾಯಾಲಯ ಹಾಕಿದ್ದ ನಿರ್ಬಂಧವನ್ನು 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ತಡೆಹಿಡಿಯಿತು. 2020ರ ಜನಗಣತಿಯಂತೆ ಅಮೆರಿಕದಲ್ಲಿ ಹಿಸ್ಪ್ಯಾನಿಕ್, ಎಂದರೆ ಸ್ಪ್ಯಾನಿಷ್ ನುಡಿಯ ಮೂಲದ, ಜನ 6.2 ಕೋಟಿ. ಕ್ಯಾಲಿಫೋರ್ನಿಯಾದಲ್ಲಿ ಅವರ ಸಂಖ್ಯೆ ಹಿಸ್ಪ್ಯಾನಿಕ್ ಅಲ್ಲದ ಬಿಳಿಯರಿಗಿಂತ ಹೆಚ್ಚು. ಹಾಗಿದ್ದೂ ಎಪ್ಪತ್ತರ ಹಿರಿಯರೊಬ್ಬರು ತಾವು ಹುಟ್ಟಿದ ಕೇರಿಯಲ್ಲಿ ಕಳ್ಳಿ ಸವರಲು ಪಾಸ್‌ಪೋರ್ಟ್ ಇಟ್ಟುಕೊಂಡು ಬರಬೇಕು.

ಹೊರಡುವಾಗ ಅವರು ಒಂದು ಹಸಿರು ಹಾಳೆಯನ್ನು ಆರಿಸಿ, ಮುಳ್ಳನ್ನೆಲ್ಲ ಚಾಕುವಿನಿಂದ ಹೆರೆದು, ಹಳೆ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ‘ನಾಲ್ಕು ದಿನ ನೆರಳಲ್ಲಿ ಒಣಗಿಸಿ ನೆಡಿ. ನೀರು ಹೆಚ್ಚು ಬೇಡ. ಎಂಥ ನೆಲದಲ್ಲೂ ಬೇರು ಬಿಡುತ್ತೆ’ ಎಂದರು.

ಅವರು ಹೇಳಿದಂತೆಯೇ ಮಾಡಿ, ಹಿತ್ತಲಿನ ಹುಲ್ಲಿನ ಅಂಚಿಗೆ ಅದನ್ನು ನೆಟ್ಟೆವು. ಮುಂದಿನ ವಾರ ಹುಲ್ಲು ಕತ್ತರಿಸುವವರು ಬಂದಾಗ ನಾನು ಒಳಗೆ ಅಡುಗೆಮನೆಯಲ್ಲಿದ್ದೆ. ಯಂತ್ರದ ಸದ್ದು ಒಂದು ಕಡೆ ಬಂದು ನಿಂತಿತು. ಕಿಟಕಿಯಿಂದ ನೋಡಿದೆ. ಅವರು ಕಳ್ಳಿಯ ಮುಂದೆ ಮಂಡಿಯೂರಿ ಕುಳಿತಿದ್ದರು. ಬೇಲಿಯ ಬದಿಯಿಂದ ಏಳೆಂಟು ಕಲ್ಲು ಆರಿಸಿ ತಂದು ಅದರ ಸುತ್ತ ಒಂದೊಂದಾಗಿ ಕೂರಿಸಿ, ಅಂಗೈಯಿಂದ ಮಣ್ಣು ಒತ್ತಿದರು. ಆಮೇಲೆ ಎದ್ದು, ಆ ಕಲ್ಲಿನ ಬಳೆಯನ್ನು ಬಿಟ್ಟು, ಅದರಾಚೆಯ ಹುಲ್ಲನ್ನು ಕತ್ತರಿಸತೊಡಗಿದರು.